ಮಾತು ಕಡಿಮೆ ಇರುವ ಮಗು: ಚೀನಾದ ಅಧ್ಯಯನಗಳು ಹೇಳುವುದೇನು?

ಮನೆಗೆ ನೆಂಟರು ಬಂದಿದ್ದಾರೆ. ಆರು ವರ್ಷದ ಹುಡುಗಿ ಉಮ್ಮನ ಬೆನ್ನ ಹಿಂದೆ ಅಡಗಿ ನಿಂತಿದ್ದಾಳೆ. "ಸಲಾಂ ಹೇಳು ಮಗಳೇ" ಎಂದು ಎಷ್ಟು ಹೇಳಿದರೂ ತುಟಿ ಬಿಚ್ಚುವುದಿಲ್ಲ. ಕೊನೆಗೆ ಉಮ್ಮನೇ ಮುಜುಗರದಿಂದ ನಗುತ್ತಾ, "ಇವಳು ಹೀಗೇ, ಭಾರೀ ನಾಚಿಕೆ" ಎನ್ನುತ್ತಾಳೆ. ಬಂದವರಲ್ಲಿ ಒಬ್ಬ ಅಜ್ಜಿ, "ಇರಲಿ ಬಿಡಮ್ಮಾ, ಒಳ್ಳೆಯ ಮಗು. ಈಗಿನ ಮಕ್ಕಳ ಹಾಗೆ ವಟಗುಟ್ಟುವುದಿಲ್ಲವಲ್ಲ" ಎಂದು ತಲೆ ಸವರುತ್ತಾರೆ. ಪಕ್ಕದಲ್ಲಿ ಕುಳಿತ, ಟೀಚರ್ ಆಗಿರುವ ಚಿಕ್ಕಮ್ಮನಿಗೆ ಇದು ಸರಿ ಕಾಣುವುದಿಲ್ಲ. "ಹೀಗೆ ಬಿಟ್ಟರೆ ಮುಂದೆ ಕಷ್ಟವಾಗುತ್ತದೆ ಅಕ್ಕಾ, ಯಾರಿಗಾದರೂ ತೋರಿಸಿ" ಎನ್ನುತ್ತಾರೆ.

ಇಬ್ಬರಲ್ಲಿ ಯಾರ ಮಾತು ಸರಿ? ಈ ಪ್ರಶ್ನೆಯನ್ನು ಮನಶ್ಶಾಸ್ತ್ರಜ್ಞರು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಚೀನಾದ ಮಕ್ಕಳನ್ನು ಮುಂದಿಟ್ಟುಕೊಂಡು ಕೇಳುತ್ತಾ ಬಂದಿದ್ದಾರೆ. ಸಿಕ್ಕಿದ ಉತ್ತರ ಸರಳವಾಗಿಲ್ಲ. ಆದರೆ ಮಾತು ಕಡಿಮೆ ಇರುವ ಮಗು ಮನೆಯಲ್ಲಿದ್ದರೆ ಆ ಉತ್ತರವನ್ನು ತಿಳಿದುಕೊಳ್ಳುವುದು ಒಳ್ಳೆಯದು. ಏಕೆಂದರೆ ಇಂತಹ ಮಗುವಿನ ವಿಷಯದಲ್ಲಿ ಹೆತ್ತವರು ಎರಡು ಬಗೆಯಲ್ಲಿ ತಪ್ಪಬಹುದು. ಏನೂ ತೊಂದರೆಯಿಲ್ಲದ ಮಗುವನ್ನು ಸುಮ್ಮನೆ ಸತಾಯಿಸಬಹುದು, ಇಲ್ಲವೇ ಒಳಗೊಳಗೇ ನೋಯುತ್ತಿರುವ ಮಗುವನ್ನು "ಪಾಪ, ಶಾಂತ ಸ್ವಭಾವ" ಎಂದು ಹಾಗೆಯೇ ಬಿಡಬಹುದು.

ನಾಟಕದ ಪಾತ್ರ ಹಂಚುವ ಆಟ

ತರಗತಿಯಲ್ಲಿ ಯಾವ ಮಗು ಹೇಗಿದೆ ಎಂಬುದು ಟೀಚರ್‌ಗಿಂತ ಚೆನ್ನಾಗಿ ಸಹಪಾಠಿಗಳಿಗೆ ಗೊತ್ತಿರುತ್ತದೆ. ಅದನ್ನು ಅವರಿಂದಲೇ ಹೊರಡಿಸಲು 1985ರಲ್ಲಿ ಅಮೆರಿಕದ ಆನ್ ಮಾಸ್ಟನ್ ಮತ್ತು ಜೊತೆಗಾರರು ಒಂದು ಹಳೆಯ ವಿಧಾನವನ್ನು ಪರಿಷ್ಕರಿಸಿದರು. ಪ್ರತಿ ಮಗುವಿಗೂ, "ನೀನೊಂದು ನಾಟಕ ಆಡಿಸುತ್ತಿದ್ದೀ ಎಂದುಕೋ. ಯಾವ ಪಾತ್ರಕ್ಕೆ ನಿನ್ನ ತರಗತಿಯ ಯಾರು ಸರಿಹೊಂದುತ್ತಾರೆ?" ಎಂದು ಕೇಳಲಾಗುತ್ತದೆ. ಒಳ್ಳೆಯ ನಾಯಕನ ಪಾತ್ರ, ಜಗಳಗಂಟನ ಪಾತ್ರ, ಬೇಗ ನೊಂದುಕೊಳ್ಳುವವನ ಪಾತ್ರ, ತುಂಬಾ ನಾಚುವವನ ಪಾತ್ರ, ಹೀಗೆ ಪಟ್ಟಿ ಇರುತ್ತದೆ. ಯಾರ ಹೆಸರು ಯಾವ ಪಾತ್ರಕ್ಕೆ ಎಷ್ಟು ಸಲ ಬಂತೆಂದು ಎಣಿಸಿದರೆ ತರಗತಿಯ ಒಳಚಿತ್ರ ಸಿಗುತ್ತದೆ.

ಚೀನಾ ಮೂಲದ ಸಂಶೋಧಕ ಶಿನ್‌ಯಿನ್ ಚೆನ್ ಮತ್ತು ಕೆನ್ನೆತ್ ರೂಬಿನ್ ಇದೇ ಆಟವನ್ನು ಶಾಂಘೈ ಮತ್ತು ಕೆನಡಾದ ಪ್ರಾಥಮಿಕ ಶಾಲೆಗಳಲ್ಲಿ ಆಡಿಸಿದರು. 1992ರಲ್ಲಿ ಪ್ರಕಟವಾದ ಫಲಿತಾಂಶ ಹಲವರ ಹುಬ್ಬೇರಿಸಿತು. ಕೆನಡಾದಲ್ಲಿ ನಾಚುವ, ಸೂಕ್ಷ್ಮ ಸ್ವಭಾವದ ಮಕ್ಕಳನ್ನು ಸಹಪಾಠಿಗಳು ಅಷ್ಟಾಗಿ ಇಷ್ಟಪಡುತ್ತಿರಲಿಲ್ಲ. ಪಾಶ್ಚಾತ್ಯ ಪಠ್ಯಪುಸ್ತಕಗಳು ಹೇಳುತ್ತಿದ್ದುದೂ ಅದನ್ನೇ. ಶಾಂಘೈಯಲ್ಲಿ ಮಾತ್ರ ಚಿತ್ರ ತಿರುಗಿಬಿದ್ದಿತ್ತು. ಅಲ್ಲಿ ನಾಚುವ ಮಕ್ಕಳನ್ನೇ ಉಳಿದವರು ಹೆಚ್ಚು ಮೆಚ್ಚುತ್ತಿದ್ದರು, ನಾಯಕರ ಪಾತ್ರಕ್ಕೂ ಅವರ ಹೆಸರು ಬರುತ್ತಿತ್ತು. ಹೊಡೆದಾಡುವ ಮಕ್ಕಳನ್ನು ಮಾತ್ರ ಎರಡೂ ದೇಶಗಳಲ್ಲಿ ಯಾರೂ ಹತ್ತಿರ ಸೇರಿಸುತ್ತಿರಲಿಲ್ಲ.

ಇದಕ್ಕೆ ಕಾರಣ ಹುಡುಕಲು ಚೀನೀ ಭಾಷೆಯ ಒಂದು ಮಾತನ್ನು ನೋಡಿದರೆ ಸಾಕು. ಮಗು ಹಿರಿಯರ ಮುಂದೆ ತಾಳ್ಮೆಯಿಂದ, ಸಂದರ್ಭ ಅರಿತು ನಡೆದುಕೊಂಡರೆ ಅದನ್ನು 'ದೊಂಗ್‌ಶಿ' ಎನ್ನುತ್ತಾರೆ. ವಿಷಯ ತಿಳಿದ ಮಗು ಎಂದರ್ಥ. ನಮ್ಮ ಹಿರಿಯರು "ಬುದ್ಧಿ ಬಂದಿದೆ" ಎನ್ನುವುದಿಲ್ಲವೇ, ಹೆಚ್ಚುಕಡಿಮೆ ಹಾಗೆ. ಕನ್ಫ್ಯೂಷಿಯಸ್ ಪರಂಪರೆಯ ಆ ಸಮಾಜದಲ್ಲಿ ತನ್ನನ್ನು ತಾನು ತಡೆದುಕೊಳ್ಳುವುದು ಅಂಜುಬುರುಕುತನವಲ್ಲ, ಪಕ್ವತೆಯ ಗುರುತು. ಬಾಯಿಬಡುಕನನ್ನೇ ಜನ ಅನುಮಾನದಿಂದ ನೋಡುವುದು.

ಹುಟ್ಟಿನಿಂದ ಬಂದದ್ದೇ?

ಹಾಗಾದರೆ ಚೀನೀ ಮಕ್ಕಳು ಹುಟ್ಟುವಾಗಲೇ ಅಂಜುತ್ತಾ ಹುಟ್ಟುತ್ತಾರೆಯೇ? ಹಾರ್ವರ್ಡ್ ವಿಶ್ವವಿದ್ಯಾಲಯದ ಜೆರೋಮ್ ಕೇಗನ್ ಮಕ್ಕಳ ಹುಟ್ಟುಗುಣವನ್ನು ದಶಕಗಳ ಕಾಲ ಅಭ್ಯಸಿಸಿದವರು. ಹೊಸ ಶಬ್ದ, ಹೊಸ ಆಟಿಕೆ, ಹೊಸ ವಾಸನೆ ಎದುರಾದಾಗ ಸುಮಾರು ಐದರಲ್ಲಿ ಒಂದು ಕೂಸು ಕೈಕಾಲು ಬಡಿದು ಅಳುತ್ತದೆ. ಇಂತಹ ಕೂಸುಗಳಲ್ಲಿ ಅನೇಕರು ಎರಡು ವರ್ಷವಾಗುವಾಗ ಹೊಸಬರ ಮುಂದೆ ಹಿಂಜರಿಯುತ್ತಾರೆ ಎಂದು ಅವರು ತೋರಿಸಿದ್ದರು. ನರಗಳ ವ್ಯವಸ್ಥೆಯೇ ಸ್ವಲ್ಪ ಚುರುಕಾಗಿ ಬೆದರುವ ಬಗೆಯದು. ತಾಯಿಯ ಅತಿಮುದ್ದಿನಿಂದ ಇದು ಬಂತು ಎನ್ನುವುದು ಅನ್ಯಾಯದ ಮಾತು.

ಆದರೆ 1994ರಲ್ಲಿ ಕೇಗನ್ ಅವರ ತಂಡ ಬೋಸ್ಟನ್, ಡಬ್ಲಿನ್ ಮತ್ತು ಬೀಜಿಂಗ್‌ನ ನಾಲ್ಕು ತಿಂಗಳ ಕೂಸುಗಳನ್ನು ಹೋಲಿಸಿದಾಗ ಬೀಜಿಂಗ್‌ನ ಕೂಸುಗಳೇ ಎಲ್ಲರಿಗಿಂತ ಕಡಿಮೆ ಅತ್ತವು, ಕಡಿಮೆ ಕೈಕಾಲು ಆಡಿಸಿದವು. ಚೀನಾದ ಮಕ್ಕಳ ಹಿಂಜರಿಕೆಯನ್ನೆಲ್ಲ ಹುಟ್ಟುಗುಣದ ತಲೆಗೆ ಕಟ್ಟುವಂತಿಲ್ಲ ಎಂದಾಯಿತು.

1998ರ ಇನ್ನೊಂದು ಅಧ್ಯಯನದಲ್ಲಿ ಚೀನಾದ 150 ಮತ್ತು ಕೆನಡಾದ 108 ಎರಡು ವರ್ಷದ ಮಕ್ಕಳನ್ನು ತಾಯಂದಿರೊಂದಿಗೆ ಒಂದು ಕೋಣೆಗೆ ಕರೆಸಿ, ಅಪರಿಚಿತರು ಬಂದಾಗ ಮಗು ಏನು ಮಾಡುತ್ತದೆಂದು ಗಮನಿಸಲಾಯಿತು. ಚೀನಾದ ಮಕ್ಕಳು ತಾಯಿಯನ್ನು ಬಿಟ್ಟು ಕದಲಲು ಹೆಚ್ಚು ಹೊತ್ತು ತೆಗೆದುಕೊಂಡರು. ಅದಕ್ಕಿಂತ ಮುಖ್ಯವಾದದ್ದು ತಾಯಂದಿರ ಮನಸ್ಸು. ಕೆನಡಾದಲ್ಲಿ ಮಗು ಹೆಚ್ಚು ಹಿಂಜರಿದಷ್ಟೂ ತಾಯಿಯಲ್ಲಿ ಮಗುವನ್ನು ಒಪ್ಪಿಕೊಳ್ಳುವ ಭಾವ ಕಡಿಮೆ ಇತ್ತು, ಶಿಕ್ಷಿಸುವ ಒಲವು ಹೆಚ್ಚಿತ್ತು. ಚೀನಾದಲ್ಲಿ ಇದರ ತದ್ವಿರುದ್ಧ: ಹಿಂಜರಿಯುವ ಮಗುವಿನ ತಾಯಿಯಲ್ಲೇ ಹೆಚ್ಚು ಪ್ರೀತಿ, ಹೆಚ್ಚು ಸಮಾಧಾನ. ಮಗುವಿನ ವರ್ತನೆ ಒಂದೇ, ಆದರೆ ಅದು ತಾಯಿಯ ಮುಖದಲ್ಲಿ ಓದುವ ಉತ್ತರ ಬೇರೆ ಬೇರೆ. ಎರಡು ವರ್ಷದ ಮಗುವಿಗೆ ತನ್ನ ಬಗ್ಗೆ ಗೊತ್ತಾಗುವುದು ಬಹುಮಟ್ಟಿಗೆ ಆ ಮುಖದಿಂದಲೇ.

ಶಾಂಘೈ ಬದಲಾಯಿತು

ಇಲ್ಲಿಗೆ ನಿಲ್ಲಿಸಿದ್ದರೆ, "ನೋಡಿ, ಪೂರ್ವದವರಲ್ಲಿ ನಾಚಿಕೆ ಗುಣ, ಪಶ್ಚಿಮದವರಲ್ಲಿ ದೋಷ" ಎಂದು ಬರೆದು ಮುಗಿಸಬಹುದಿತ್ತು. ಅನೇಕರು ಹಾಗೆ ಬರೆದದ್ದೂ ಉಂಟು. ಆದರೆ ಚೆನ್ ಮತ್ತೆ ಮತ್ತೆ ಅದೇ ಊರಿಗೆ ಹೋದರು. 1990, 1998 ಮತ್ತು 2002ರಲ್ಲಿ ಸುಮಾರು ಹತ್ತು ವರ್ಷ ವಯಸ್ಸಿನ ಮೂರು ತಂಡಗಳ ಮಕ್ಕಳಲ್ಲಿ ಅದೇ ಪ್ರಶ್ನೆಗಳನ್ನು ಕೇಳಿ, ಫಲಿತಾಂಶವನ್ನು 2005ರಲ್ಲಿ ಪ್ರಕಟಿಸಿದರು.

1990ರ ತಂಡದಲ್ಲಿ ನಾಚುವ ಮಕ್ಕಳಿಗೆ ಗೆಳೆಯರ ಮೆಚ್ಚುಗೆಯಿತ್ತು, ಓದಿನಲ್ಲೂ ಮುಂದಿದ್ದರು. 1998ಕ್ಕೆ ಬರುವಾಗ ಆ ನಂಟು ಸಡಿಲಗೊಂಡಿತ್ತು. 2002ರ ತಂಡದಲ್ಲಿ ನಾಚುವ ಮಗುವನ್ನು ಸಹಪಾಠಿಗಳು ದೂರವಿಡುತ್ತಿದ್ದರು, ಶಾಲೆಯಲ್ಲಿ ತೊಂದರೆಗಳಿದ್ದವು, ಖಿನ್ನತೆಯ ಲಕ್ಷಣಗಳೂ ಹೆಚ್ಚಿದ್ದವು. ಹನ್ನೆರಡು ವರ್ಷಗಳಲ್ಲಿ ಮಕ್ಕಳ ರಕ್ತ ಬದಲಾಗುವುದಿಲ್ಲ. ಬದಲಾದದ್ದು ಊರು.

ಆ ಹನ್ನೆರಡು ವರ್ಷಗಳಲ್ಲಿ ಶಾಂಘೈಯಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. 1990ರಲ್ಲಿ ಹುವಾಂಗ್‌ಪು ನದಿಯ ಆಚೆ ದಡದ ಪುಡೊಂಗ್ ಪ್ರದೇಶವನ್ನು ಹೂಡಿಕೆಗೆ ತೆರೆಯಲಾಯಿತು. ಸರಕಾರವೇ ನೌಕರಿ ಕೊಡುವ ಕಾಲ ಹೋಗಿ, ಸಂದರ್ಶನಕ್ಕೆ ಹೋಗಿ ತನ್ನನ್ನು ತಾನು ಮಾರಿಕೊಳ್ಳಬೇಕಾದ ಕಾಲ ಬಂತು. 2001ರಲ್ಲಿ ಚೀನಾ ವಿಶ್ವ ವ್ಯಾಪಾರ ಸಂಘಟನೆಯನ್ನು ಸೇರಿತು. ಶಾಲೆಗಳಿಗೂ ಬರೀ ಪರೀಕ್ಷೆಯ ಅಂಕವಲ್ಲ, ಮಕ್ಕಳಲ್ಲಿ ಮುಂದೆ ಬಂದು ಮಾತಾಡುವ, ಹೊಸತನ್ನು ಮಾಡುವ ಗುಣ ಬೆಳೆಸಿ ಎಂಬ ಸೂಚನೆ ಹೋಯಿತು. ತಂದೆತಾಯಿಗೆ ಒಂದೇ ಮಗು. ಆ ಒಂದು ಮಗು ಹಿಂದೆ ಬಿದ್ದರೆ ಎಂಬ ಭಯ. ನಿನ್ನೆ 'ದೊಂಗ್‌ಶಿ' ಎನಿಸಿಕೊಂಡಿದ್ದ ಮಗುವಿಗೆ ಇಂದು "ಧೈರ್ಯ ಸಾಲದು" ಎಂಬ ಷರಾ ಬೀಳತೊಡಗಿತು.

ಹಳ್ಳಿಗಳ ಕಥೆ ಬೇರೆ. 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಗರದ ಮಕ್ಕಳನ್ನೂ ಹಳ್ಳಿಗಳಿಂದ ಕೆಲಸ ಹುಡುಕಿ ಬಂದವರ ಮಕ್ಕಳನ್ನೂ ಹೋಲಿಸಿದಾಗ, ನಗರದ ಮಕ್ಕಳಲ್ಲಿ ನಾಚಿಕೆ ಕಷ್ಟಗಳೊಂದಿಗೆ ಸೇರಿಕೊಂಡಿತ್ತು, ಹಳ್ಳಿ ಮೂಲದ ಮಕ್ಕಳಲ್ಲಿ ಇನ್ನೂ ಒಳ್ಳೆಯ ಓದು, ಟೀಚರ್ ಮೆಚ್ಚುಗೆಗಳೊಂದಿಗೇ ಇತ್ತು. ಅಂದರೆ ಒಂದೇ ದೇಶದಲ್ಲಿ, ಒಂದೇ ಹೊತ್ತಿನಲ್ಲಿ ಎರಡು ಕಾಲಗಳು ಬದುಕುತ್ತಿದ್ದವು.

ನಾಚುವವರೆಲ್ಲ ಒಂದೇ ಅಲ್ಲ

ಒಂಟಿಯಾಗಿ ಕುಳಿತ ಮಕ್ಕಳನ್ನೆಲ್ಲ ನಾವು ಒಂದೇ ಬುಟ್ಟಿಗೆ ಹಾಕುತ್ತೇವೆ. ಜರ್ಮನಿಯ ಯೆನ್ಸ್ ಆಸೆಂಡಾರ್ಫ್ 1990ರಲ್ಲಿ ಇದನ್ನು ಬಿಡಿಸಿ ನೋಡಿದರು. ಮಗುವಿನೊಳಗೆ ಹತ್ತಿರ ಹೋಗುವ ಆಸೆ ಒಂದು, ದೂರ ಸರಿಯುವ ಒತ್ತಡ ಇನ್ನೊಂದು. ಎರಡೂ ಬಲವಾಗಿದ್ದರೆ ಅದು ನಾಚುವ ಮಗು: ಆಡುವವರ ಗುಂಪಿನ ಅಂಚಿನಲ್ಲಿ ನಿಂತು ನೋಡುತ್ತದೆ, ಸೇರಬೇಕೆಂಬ ಆಸೆಯಿದೆ, ಕಾಲು ಮುಂದೆ ಹೋಗುವುದಿಲ್ಲ. ಹತ್ತಿರ ಹೋಗುವ ಆಸೆಯೇ ಕಡಿಮೆಯಿದ್ದು, ಭಯವೂ ಇಲ್ಲದಿದ್ದರೆ ಅದು ಏಕಾಂತ ಇಷ್ಟಪಡುವ ಮಗು: ಮೂಲೆಯಲ್ಲಿ ಕುಳಿತು ಬ್ಲಾಕ್ ಜೋಡಿಸುತ್ತದೆ, ಚಿತ್ರ ಬಿಡಿಸುತ್ತದೆ, ಯಾರಾದರೂ ಕರೆದರೆ ತಕರಾರಿಲ್ಲದೆ ಹೋಗುತ್ತದೆ. ಮೂರನೆಯ ಮಗು ತಾನಾಗಿ ಸರಿದದ್ದಲ್ಲ, ಉಳಿದವರು ಆಟಕ್ಕೆ ಸೇರಿಸದೆ ಹೊರಗಿಟ್ಟದ್ದು. ದೂರದಿಂದ ನೋಡುವ ನಮಗೆ ಮೂವರೂ ಒಂದೇ ಥರ ಕಾಣುತ್ತಾರೆ.

ಪಾಶ್ಚಾತ್ಯ ಸಂಶೋಧಕರು ಏಕಾಂತಪ್ರಿಯ ಮಗುವಿನ ಬಗ್ಗೆ ಹೆಚ್ಚು ಚಿಂತಿಸುವುದಿಲ್ಲ. ಅದರ ಇಷ್ಟ, ಬಿಡಿ ಎನ್ನುತ್ತಾರೆ. ಚೀನಾದಲ್ಲಿ ಇಲ್ಲೂ ಚಿತ್ರ ಬೇರೆ. 2011ರಲ್ಲಿ ಪ್ರಕಟವಾದ, ಹಳ್ಳಿಯ ಮಕ್ಕಳ ಅಧ್ಯಯನವೊಂದರಲ್ಲಿ ನಾಚುವ ಮಕ್ಕಳು ಚೆನ್ನಾಗಿಯೇ ಇದ್ದರು. ಬೇಕೆಂದೇ ಒಂಟಿಯಾಗಿರುವ ಮಕ್ಕಳಿಗೆ ಕಷ್ಟವಿತ್ತು. ನಾಚುವವನು ಗುಂಪನ್ನು ಗೌರವಿಸಿ ಹಿಂದೆ ನಿಂತವನು, ಬೇಕೆಂದೇ ಒಂಟಿಯಾದವನು ಗುಂಪನ್ನೇ ಬೇಡವೆಂದವನು. ಕೂಡಿ ಬಾಳುವುದಕ್ಕೆ ಬೆಲೆ ಕೊಡುವ ಸಮಾಜಕ್ಕೆ ಎರಡನೆಯದು ಸ್ವಾರ್ಥವಾಗಿ ಕಾಣುತ್ತದೆ. ಕೂಡುಕುಟುಂಬದ ಗದ್ದಲದಲ್ಲಿ ಪುಸ್ತಕ ಹಿಡಿದು ಮಾಳಿಗೆ ಹತ್ತುವ ಹುಡುಗನಿಗೆ "ಅವನಿಗೆ ಅಹಂಕಾರ" ಎಂಬ ಹೆಸರು ಬರುವುದನ್ನು ನಮ್ಮಲ್ಲೂ ಕಂಡಿದ್ದೇವೆ.

ನಾಚಿಕೆಯಿಂದ ದುಃಖಕ್ಕೆ ಹೋಗುವ ದಾರಿ

ಈ ಎಲ್ಲ ಅಧ್ಯಯನಗಳು ನಂಟನ್ನು ತೋರಿಸುತ್ತವೆ; ಯಾವುದು ಕಾರಣ, ಯಾವುದು ಪರಿಣಾಮ ಎಂದು ಖಡಾಖಂಡಿತ ಹೇಳುವುದಿಲ್ಲ. ಅವೆಲ್ಲ ಸರಾಸರಿಯ ಲೆಕ್ಕ, ನಿಮ್ಮ ಮನೆಯ ಮಗುವಿನ ಜಾತಕವಲ್ಲ. ಆದರೂ 1990 ಮತ್ತು 2002ರ ಅಂತರವನ್ನು ನೋಡಿದರೆ ನನಗನಿಸುವುದು, ನಾಚಿಕೆ ತಾನಾಗಿಯೇ ಖಿನ್ನತೆ ತರುವುದಿಲ್ಲ. ನಡುವೆ ತಿರಸ್ಕಾರ ಬರಬೇಕು. ಆಟಕ್ಕೆ ಕರೆಯದ ಗೆಳೆಯರು, "ಬಾಯಿಲ್ಲವಾ ನಿನಗೆ" ಎನ್ನುವ ದೊಡ್ಡವರು, ಕೈ ಎತ್ತಲಿಲ್ಲವೆಂದು ಉತ್ತರ ಗೊತ್ತಿಲ್ಲವೆಂದುಕೊಳ್ಳುವ ಟೀಚರ್. ಮೆಲ್ಲ ಮೆಲ್ಲಗೆ ಮಗು "ನನ್ನಲ್ಲೇ ಏನೋ ಕೊರತೆಯಿದೆ" ಎಂದು ನಂಬತೊಡಗುತ್ತದೆ. ಇನ್ನೂ ಹಿಂದೆ ಸರಿಯುತ್ತದೆ. ಬೆರೆಯದ್ದರಿಂದ ಬೆರೆಯುವ ಅಭ್ಯಾಸವೂ ತಪ್ಪುತ್ತದೆ. ಜಗಳವಾಡಿ ರಾಜಿಯಾಗುವುದು, ಸೋತಾಗ ಅಳು ನುಂಗುವುದು, ಇನ್ನೊಬ್ಬನ ಮುಖ ನೋಡಿ ಅವನ ಮನಸ್ಸು ತಿಳಿಯುವುದು ಇವನ್ನೆಲ್ಲ ಮಕ್ಕಳು ಕಲಿಯುವುದು ಸಮವಯಸ್ಕರ ಜೊತೆ ಆಡುತ್ತಲೇ.

ಈ ದಾರಿಯನ್ನು ಕಡಿಯುವ ಒಂದು ಸಂಗತಿಯೆಂದರೆ ಒಬ್ಬ ಒಳ್ಳೆಯ ಗೆಳೆಯ. ಹತ್ತು ಜನ ಬೇಡ. ಮನಸ್ಸು ಬಿಚ್ಚಿ ಮಾತಾಡುವ ಒಬ್ಬ ಗೆಳತಿ ಇದ್ದರೂ ನಾಚುವ ಮಗುವಿನ ಒಂಟಿತನ ಬಹಳಷ್ಟು ಇಳಿಯುತ್ತದೆ.

ಚೀನಾದ ಮಕ್ಕಳ ಭಾವನೆಗಳ ಬಗ್ಗೆ ಮಾತಾಡುವಾಗ ಹಳ್ಳಿಯಲ್ಲಿ ಉಳಿದ ಮಕ್ಕಳನ್ನು ಬಿಡುವಂತಿಲ್ಲ. ತಂದೆ ಅಥವಾ ತಾಯಿ, ಅನೇಕ ಕಡೆ ಇಬ್ಬರೂ, ದೂರದ ನಗರಗಳ ಕಾರ್ಖಾನೆಗೆ ಹೋಗಿ, ಅಜ್ಜ ಅಜ್ಜಿಯರ ಬಳಿ ಬೆಳೆಯುವ ಮಕ್ಕಳು ಇವರು. 2010ರ ಜನಗಣತಿಯ ಆಧಾರದಲ್ಲಿ ಇವರ ಸಂಖ್ಯೆ 6 ಕೋಟಿ ದಾಟಿತ್ತು. 2018ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆ ಇಂತಹ 111 ಅಧ್ಯಯನಗಳನ್ನು ಒಟ್ಟುಗೂಡಿಸಿದ ಲೇಖನವನ್ನು ಪ್ರಕಟಿಸಿತು. ಅವುಗಳಲ್ಲಿ 91 ಚೀನಾದವು. ಹೆತ್ತವರು ದೂರವಿರುವ ಮಕ್ಕಳಲ್ಲಿ ಖಿನ್ನತೆಯ ಅಪಾಯ ಶೇ. 52ರಷ್ಟು ಹೆಚ್ಚಿತ್ತು. ತಂದೆ ಗಲ್ಫ್‌ನಲ್ಲಿದ್ದು, ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುವ ನಮ್ಮ ಕರಾವಳಿಯ ಮನೆಗಳಿಗೆ ಇದು ಅಷ್ಟು ದೂರದ ಸುದ್ದಿಯಲ್ಲ. ನಮ್ಮಲ್ಲಿ ತಾಯಿ ಜೊತೆಗಿರುತ್ತಾಳೆ ಎಂಬುದು ದೊಡ್ಡ ವ್ಯತ್ಯಾಸ, ನಿಜ. ಆದರೂ ಫೋನಿನಲ್ಲಿ "ಮಾರ್ಕ್ಸ್ ಎಷ್ಟು" ಎಂದಷ್ಟೇ ಕೇಳಿ ಇಡುವ ತಂದೆ, ಇಂದು ಯಾರ ಜೊತೆ ಆಡಿದೆ ಎಂದೂ ಕೇಳಿದರೆ ಮಗುವಿಗೆ ಹೇಳಲು ಬಹಳಷ್ಟು ಇರುತ್ತದೆ.

ಮನೆಯಲ್ಲಿ ಏನು ಮಾಡಬಹುದು?

ಚೀನೀ ಹೆತ್ತವರು ಮಕ್ಕಳನ್ನು ಬೆಳೆಸುವ ಬಗೆಗೆ 'ಗ್ವಾನ್' ಎಂಬ ಮಾತಿದೆ. ಹತೋಟಿಯಲ್ಲಿಡುವುದು ಎಂದೂ ಅರ್ಥ, ಕಾಳಜಿ ಮಾಡುವುದು ಎಂದೂ ಅರ್ಥ. ಅಮೆರಿಕದಲ್ಲಿರುವ ಸಂಶೋಧಕಿ ರೂತ್ ಚಾವೊ 1994ರಲ್ಲಿ ಇದನ್ನು ವಿವರಿಸಿ, ಪಶ್ಚಿಮದವರ ಕಣ್ಣಿಗೆ ಬರೀ ಕಟ್ಟುನಿಟ್ಟಾಗಿ ಕಾಣುವುದರೊಳಗೆ ಅಕ್ಕರೆಯೂ ಇದೆ ಎಂದು ತೋರಿಸಿದರು. ನಾಚುವ ಮಗುವಿಗೆ ಬೇಕಾದದ್ದೂ ಈ ಎರಡು ಸೇರಿದ್ದೇ. ಬರೀ ಒತ್ತಾಯ ಮಾಡಿದರೆ ಭಯ ಹೆಚ್ಚುತ್ತದೆ. ಬರೀ ರಕ್ಷಣೆ ಕೊಟ್ಟರೂ ಭಯ ಹೋಗುವುದಿಲ್ಲ. ಮಗುವಿನ ಪರವಾಗಿ ತಾಯಿಯೇ ಎಲ್ಲ ಉತ್ತರ ಕೊಡುವುದು, ಕಷ್ಟವೆನಿಸುವ ಜಾಗಕ್ಕೆಲ್ಲ ಕರೆದೊಯ್ಯದೆ ಬಿಡುವುದು ಹಿಂಜರಿಕೆಯನ್ನು ಗಟ್ಟಿಮಾಡುತ್ತದೆ ಎಂದು ರೂಬಿನ್ ಮತ್ತು ಇತರರ ಅಧ್ಯಯನಗಳು ಹೇಳಿವೆ.

ಆಸ್ಟ್ರೇಲಿಯಾದಲ್ಲಿ ರೊನಾಲ್ಡ್ ರೇಪಿ ಅವರ ತಂಡ ಪ್ರಿಸ್ಕೂಲ್ ವಯಸ್ಸಿನ ಅಂಜುವ ಮಕ್ಕಳ ಹೆತ್ತವರಿಗಾಗಿ ಆರು ತರಗತಿಗಳ ಒಂದು ಕಾರ್ಯಕ್ರಮ ರೂಪಿಸಿತು. ಮಗುವಿಗಲ್ಲ, ಹೆತ್ತವರಿಗೇ ಪಾಠ. ಅದರ ತಿರುಳು ಮೆಟ್ಟಿಲು ಕಟ್ಟುವುದು. ಅಂಗಡಿಯವರೊಂದಿಗೆ ಮಾತಾಡಲು ಹೆದರುವ ಮಗು ಮೊದಲ ವಾರ ಉಮ್ಮನ ಕೈ ಹಿಡಿದು ದುಡ್ಡು ಕೊಟ್ಟರೆ ಸಾಕು. ಮುಂದಿನ ವಾರ "ಒಂದು ಬ್ರೆಡ್" ಎಂದಷ್ಟೇ ಹೇಳಲಿ. ಆಮೇಲೆ ಉಮ್ಮ ಬಾಗಿಲ ಬಳಿ ನಿಲ್ಲಲಿ, ಮಗು ಒಳಗೆ ಹೋಗಲಿ. ಒಂದು ಮೆಟ್ಟಿಲಲ್ಲಿ ಭಯ ಇಳಿದ ಮೇಲೆ ಮಾತ್ರ ಮುಂದಿನದು. ಒಂದು ದಿನ ಆಗಲಿಲ್ಲವೆಂದರೆ ಗದರುವುದೂ ಬೇಡ, "ಅಯ್ಯೋ ಪಾಪ" ಎನ್ನುವುದೂ ಬೇಡ, ನಾಳೆ ಮತ್ತೆ.

ನೆಂಟರ ಮುಂದೆ ಸಲಾಂ ಹೇಳಿಸುವ ವಿಷಯವೂ ಹಾಗೆಯೇ. ಬರುವವರು ಯಾರೆಂದು ಮೊದಲೇ ಮಗುವಿಗೆ ತಿಳಿಸಿ. ಬಂದ ಕೂಡಲೇ ಎಲ್ಲರ ನಡುವೆ ನಿಲ್ಲಿಸಬೇಡಿ. ಸ್ವಲ್ಪ ಹೊತ್ತು ದೂರದಿಂದ ನೋಡಲು ಬಿಟ್ಟು, ಆಮೇಲೆ ತಿಂಡಿಯ ತಟ್ಟೆ ಕೈಗೆ ಕೊಟ್ಟು ಕಳಿಸಿ. ಕೈಗೊಂದು ಕೆಲಸವಿದ್ದರೆ ನಾಚುವವರಿಗೆ ಸುಲಭ, ದೊಡ್ಡವರಿಗೂ ಹಾಗೆಯೇ ಅಲ್ಲವೇ? ಮತ್ತು ಆ "ಇವಳು ಹೀಗೇ" ಎಂಬ ಮಾತನ್ನು ಮಗುವಿನ ಮುಂದೆ ಆಡಲೇಬೇಡಿ. ಗೆಳೆಯರ ವಿಷಯದಲ್ಲಿ, ಹುಟ್ಟುಹಬ್ಬದ ಗುಂಪಿಗೆ ತಳ್ಳುವುದಕ್ಕಿಂತ ತರಗತಿಯ ಒಂದು ಮಗುವನ್ನು ಸಂಜೆ ಮನೆಗೆ ಕರೆಯುವುದು ಒಳ್ಳೆಯದು. ಸ್ವಂತ ಮನೆಯಲ್ಲಿ, ಸ್ವಂತ ಆಟಿಕೆಗಳ ನಡುವೆ ನಾಚುವ ಮಗು ಬೇರೆಯೇ ಆಗಿರುತ್ತದೆ. ಟೀಚರ್ ಬಳಿ ಮಾತಾಡಿ, ಎಲ್ಲರೆದುರು ಥಟ್ಟನೆ ಪ್ರಶ್ನೆ ಕೇಳುವ ಬದಲು ಮೊದಲೇ ಸೂಚನೆ ಕೊಟ್ಟು ಕೇಳಲು ವಿನಂತಿಸಿ. ಹೆಚ್ಚಿನ ಟೀಚರ್‌ಗಳು ಒಪ್ಪುತ್ತಾರೆ.

ಯಾವಾಗ ತೋರಿಸಬೇಕು?

ಏಕಾಂತದಲ್ಲಿ ನೆಮ್ಮದಿಯಾಗಿರುವ, ಮನೆಯವರೊಂದಿಗೆ ಸಲೀಸಾಗಿ ಮಾತಾಡುವ, ಒಬ್ಬಿಬ್ಬರು ಗೆಳೆಯರಿರುವ ಮಗುವಿಗೆ ಡಾಕ್ಟರ್ ಬೇಕಿಲ್ಲ. ಅಜ್ಜಿಯ ಮಾತೇ ಸಾಕು.

ನೆಮ್ಮದಿ ಇಲ್ಲದಿದ್ದರೆ ಮಾತು ಬೇರೆ. ಮೊದಲು ಬೆರೆಯುತ್ತಿದ್ದ ಮಗು ಇದ್ದಕ್ಕಿದ್ದಂತೆ ಮೌನವಾದರೆ ಅದು ಸ್ವಭಾವವಲ್ಲ, ಏನೋ ನಡೆದಿದೆ. ಶಾಲೆಯಲ್ಲಿ ಯಾರಾದರೂ ಪೀಡಿಸುತ್ತಿರಬಹುದು, ಯಾರಾದರೂ ಮುಟ್ಟಬಾರದ ರೀತಿಯಲ್ಲಿ ಮುಟ್ಟಿರಬಹುದು. ಗದರದೆ, ಬಿಡುವು ಮಾಡಿಕೊಂಡು ಕೇಳಬೇಕು. ಪ್ರತಿ ಶಾಲಾ ದಿನ ಬೆಳಿಗ್ಗೆ ಹೊಟ್ಟೆನೋವು, ನಿದ್ದೆ ಊಟ ಕೆಡುವುದು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, "ನಾನು ಯಾರಿಗೂ ಬೇಡ" ಎಂಬ ಮಾತು ಇವೂ ಗಮನಿಸಬೇಕಾದವು. ಮನೆಯಲ್ಲಿ ಚೆನ್ನಾಗಿ ಮಾತಾಡುವ ಮಗು, ಶಾಲೆಗೆ ಹೊಸದಾಗಿ ಸೇರಿದ ಮೊದಲ ತಿಂಗಳು ಕಳೆದ ಮೇಲೂ ಅಲ್ಲಿ ಒಂದಕ್ಷರ ಆಡದಿದ್ದರೆ ಅದಕ್ಕೆ ಚಿಕಿತ್ಸೆಯಿದೆ, ಬೇಗ ಹೋದಷ್ಟು ಸುಲಭ. ಹೆಸರು ಹಿಡಿದು ಕರೆದರೂ ತಿರುಗದ, ಕಣ್ಣಿಗೆ ಕಣ್ಣು ಕೊಡದ ಚಿಕ್ಕ ಮಗುವಿಗೆ ಮೊದಲು ಕಿವಿ ಪರೀಕ್ಷೆ ಮಾಡಿಸಿ, ಜೊತೆಗೆ ಮಕ್ಕಳ ತಜ್ಞರಿಂದ ಬೆಳವಣಿಗೆಯ ತಪಾಸಣೆಯೂ ಆಗಲಿ. ಕಿವಿ ಮಂದವಾಗಿದ್ದ ಮಗುವನ್ನು ನಾಚಿಕೆಯ ಮಗುವೆಂದುಕೊಂಡು ವರ್ಷಗಳು ಕಳೆದುಹೋಗುವುದುಂಟು.

ಮಾನಸಿಕ ವಿಭಾಗ ಎಂಬ ಬೋರ್ಡ್ ನೋಡಿ ಹಿಂಜರಿಯುವವರು ಮೊದಲು ಮನೆಯಿಂದಲೇ ಮಾತಾಡಬಹುದು. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತವಾಗಿದ್ದು, ಕನ್ನಡದಲ್ಲೂ ಲಭ್ಯವಿದೆ. ಕರೆ ಮಾಡುವ ಮುನ್ನ ಮಗು ಎಲ್ಲಿ ಮಾತಾಡುತ್ತದೆ, ಎಲ್ಲಿ ಮಾತಾಡುವುದಿಲ್ಲ, ಯಾವಾಗಿನಿಂದ ಹೀಗೆ ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿರಿ. ಅವರು ಮೊದಲು ಕೇಳುವುದು ಅದನ್ನೇ.